ಮಂಡಪಂ ದಾರಿಯಲ್ಲಿ ಹೋದವರು, ಬಂದವರು

ಪತ್ರಿಕೋದ್ಯಮ ಓದುತ್ತಿದ್ದಾಗ ನಾವು ಹೊರತರುತ್ತಿದ್ದ ಪ್ರಾಯೋಗಿಕ ಪತ್ರಿಕೆಯಲ್ಲಿ ಒಂದು ತಪ್ಪು ಮಾಡಿದ್ದೆವು. ಸುಳ್ಯ ಕಡೆಯ ರಬ್ಬರ್ ತೋಟದ ಕಾಲೊನಿಯೊಂದರ ಬಗ್ಗೆ ಅರ್ಧ ಪುಟದ ವರದಿ ಅದು. ತಲೆಬರಹದಲ್ಲಿ ‘ಶ್ರೀಲಂಕಾ ನಿರಾಶ್ರಿತರು’ ಎಂದು ಹಾಕಿದ್ದೆವು. ಪತ್ರಿಕೆಯ ನಾಲ್ಕು ಪ್ರತಿ ಹಿಡಿದುಕೊಂಡು ಖುಷಿಯಿಂದಲೇ ಮತ್ತೆ ಆ ಕಾಲೊನಿಗೆ ಹೋದೆವು. ಅಲ್ಲಿನ ಅಜ್ಜಿಯೊಬ್ಬರು ಮೊಮ್ಮಗಳಿಂದ ಓದಿಸಿ ಕೇಳಿದರು. ಬೈಯಲಿಲ್ಲ. ಒಳಗೆ ಹೋಗಿ, ಟ್ರಂಕಿನಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಿ ಇಟ್ಟಿದ್ದ ಹಳೆಯ ಪಾಸ್‌ಪೋರ್ಟ್ ತಂದು ನಮ್ಮ ಕೈಗಿಟ್ಟರು. ಅದರ ಮೇಲಿದ್ದದ್ದು ಅಶೋಕ ಸ್ತಂಭ. ಭಾರತದ ಪಾಸ್‌ಪೋರ್ಟ್ ಹಿಡಿದು ಭಾರತಕ್ಕೆ ಬಂದವರು ನಿರಾಶ್ರಿತರು ಹೇಗಾಗುತ್ತಾರೆ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು.

ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ದಕ್ಷಿಣ ಕನ್ನಡದವರೇ ಇದ್ದೆವು. ಬಸ್ಸಿನಲ್ಲಿ ಹೋಗುವಾಗ ‘ಸಿಲೋನ್ ಕಾಲೊನಿ’ ಎಂಬ ಮಾತು ಕೇಳುತ್ತಲೇ ಬೆಳೆದವರು. ಆದರೂ ಈ ಜನ ಇಲ್ಲಿಗೆ ಯಾಕೆ ಬಂದರು, ಯಾರು ಕರೆತಂದರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದಾಗ, ಎರಡು ನೆರೆಯ ದೇಶಗಳು ಸೇರಿ ಕೂಲಿಗಾರರನ್ನು ಹೇಗೆ ತಂದವು, ಹೇಗೆ ಎಣಿಸಿದವು, ಹೇಗೆ ಹಂಚಿಕೊಂಡವು ಎಂಬ ನೂರೈವತ್ತು ವರ್ಷಗಳ ಕತೆ ಸಿಕ್ಕಿತು. ಅದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದು ನಮ್ಮ ತಪ್ಪೊಪ್ಪಿಗೆಯೂ ಹೌದು.

ಕಾಫಿಗೆ ಹೋದವರು, ಚಹಾಕ್ಕೆ ಉಳಿದವರು

ಸಿಲೋನ್ ಎಂದರೆ ನಮಗೆ ಚಹಾ ನೆನಪಾಗುತ್ತದೆ. ಆದರೆ ತಮಿಳು ಕೂಲಿಗಾರರು ಮೊದಲು ಹೋದದ್ದು ಕಾಫಿಗೆ. ಬ್ರಿಟಿಷರು ಕ್ಯಾಂಡಿಯ ಬೆಟ್ಟಗಳಲ್ಲಿ ಕಾಫಿ ತೋಟ ಎಬ್ಬಿಸಿದ್ದು 19ನೇ ಶತಮಾನದ ಮೊದಲ ಅರ್ಧದಲ್ಲಿ. 1840ರ ಒಂದು ಕಾನೂನಿನ ಪ್ರಕಾರ, ದಾಖಲೆ ತೋರಿಸಲಾಗದ ಕಾಡು, ಬಂಜರು ಜಮೀನೆಲ್ಲ ಸರ್ಕಾರದ್ದಾಯಿತು. ಆ ಜಮೀನು ತೋಟದ ಸಾಹೇಬರ ಕೈ ಸೇರಿತು. ಹಳ್ಳಿಯ ಸಿಂಹಳ ರೈತ ದನ ಮೇಯಿಸುತ್ತಿದ್ದ, ಕಾಡು ಕಡಿದು ಬೇಸಾಯ ಮಾಡುತ್ತಿದ್ದ ಗುಡ್ಡದ ಸುತ್ತ ಬೇಲಿ ಬಂತು. ತನ್ನ ನೆಲ ಹೋದ ಮೇಲೂ ಆತನಿಗೆ ಕೆಳಗೆ ಗದ್ದೆಯಿತ್ತು. ಬೇರೆಯವರ ತೋಟದಲ್ಲಿ ವರ್ಷವಿಡೀ ಕೂಲಿಗೆ ನಿಲ್ಲಲು ಆತ ತಯಾರಿರಲಿಲ್ಲ. ಹಾಗಾಗಿ ಸಾಹೇಬರು ಸಮುದ್ರದಾಚೆ ನೋಡಿದರು.

ಆಚೆ ದಡದಲ್ಲಿ ಮಧುರೈ, ರಾಮನಾಡು, ತಿರುನೆಲ್ವೇಲಿ, ತಿರುಚ್ಚಿ, ಪುದುಕ್ಕೋಟೆ ಕಡೆಯ ಬರಪೀಡಿತ ಊರುಗಳಿದ್ದವು. ಅಲ್ಲಿನ ಭೂಮಿಯಿಲ್ಲದ ಜನ, ಹೆಚ್ಚಿನವರು ದಲಿತರು, ದೋಣಿ ಹತ್ತಿ ಮನ್ನಾರ್ ಕಡೆಗೆ ಇಳಿದು, ಅಲ್ಲಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕಾಡುದಾರಿ ನಡೆದು ಬೆಟ್ಟ ಸೇರುತ್ತಿದ್ದರು. ದಾರಿಯಲ್ಲಿ ಕಾಲರಾ, ಮಲೇರಿಯಾ, ನೀರಿನ ಕೊರತೆ. ಎಷ್ಟೋ ಮಂದಿ ತೋಟ ಮುಟ್ಟಲೇ ಇಲ್ಲ.

ಆಗ ಈ ಓಡಾಟ ಹಂಗಾಮಿಯಾಗಿತ್ತು. ಕಾಫಿ ಕೊಯ್ಲು ಮುಗಿದರೆ ಜನ ಊರಿಗೆ ವಾಪಸಾಗುತ್ತಿದ್ದರು. ನಮ್ಮ ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಕೆಳಗಿನಿಂದ ಜನ ಹತ್ತಿ ಇಳಿಯುತ್ತಿದ್ದ ಹಾಗೆ. 1869ರಲ್ಲಿ ಸಿಲೋನ್ ಕಾಫಿಗೆ ಎಲೆ ತುಕ್ಕು ರೋಗ ತಗುಲಿತು. ಹತ್ತು ಹದಿನೈದು ವರ್ಷಗಳಲ್ಲಿ ಕಾಫಿ ನೆಲಕಚ್ಚಿತು. ಅಷ್ಟರಲ್ಲಿ, 1867ರಲ್ಲಿ, ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಲೂಲ್‌ಕಂಡೂರ ತೋಟದ 19 ಎಕರೆಯಲ್ಲಿ ಚಹಾ ಹಾಕಿದ್ದ. ಮುಂದಿನ ದಾರಿ ಅದೇ ಆಯಿತು.

ಬೆಳೆ ಬದಲಾದದ್ದು ಜನರ ಬದುಕನ್ನೂ ಬದಲಿಸಿತು. ಚಹಾ ಚಿಗುರನ್ನು ವಾರ ಹತ್ತು ದಿನಕ್ಕೊಮ್ಮೆ ಕೀಳಲೇಬೇಕು, ವರ್ಷದ ಹನ್ನೆರಡು ತಿಂಗಳೂ. ಹಂಗಾಮಿ ಆಳುಗಳಿಂದ ಅದು ಆಗುವ ಕೆಲಸವಲ್ಲ. ಬೆರಳು ಸೂಕ್ಷ್ಮ ಇರುವ ಹೆಂಗಸರು ಬೇಕು, ಸಂಸಾರ ಸಮೇತ ನಿಲ್ಲುವವರು ಬೇಕು. ಅವರಿಗಾಗಿ ‘ಲೈನ್’ ಮನೆಗಳು ಬಂದವು. ಕೊಡಗು, ಚಿಕ್ಕಮಗಳೂರು ನೋಡಿದವರಿಗೆ ಲೈನ್ ಮನೆ ಎಂದರೆ ಏನೆಂದು ವಿವರಿಸಬೇಕಿಲ್ಲ. ಒಂದೇ ಸಾಲು, ಒಂದು ಕುಟುಂಬಕ್ಕೆ ಒಂದು ಕೋಣೆ, ಮುಂದೊಂದು ಜಗಲಿ. ಆ ಕೋಣೆಯಲ್ಲಿ ಹುಟ್ಟಿದ ಮಕ್ಕಳು ಅಲ್ಲೇ ಚಿಗುರು ಕಿತ್ತರು. ಅವರ ಮಕ್ಕಳೂ ಅದನ್ನೇ ಮಾಡಿದರು. ಹೋಗಿ ಬರುವವರು ಹೀಗೆ ಅಲ್ಲಿಯವರೇ ಆದರು.

ಕಂಗಾಣಿ, ತುಂಡು ಮತ್ತು ಎರಡು ಸರ್ಕಾರ

ಈ ಜನರನ್ನು ಒಟ್ಟು ಮಾಡಿ ಕರೆದೊಯ್ಯುತ್ತಿದ್ದವನು ಕಂಗಾಣಿ. ನಮ್ಮ ಕಾಫಿ ತೋಟಗಳ ಮೇಸ್ತ್ರಿಯ ಅಣ್ಣ ಎಂದುಕೊಳ್ಳಿ. ಸಾಹೇಬರಿಂದ ಮುಂಗಡ ಪಡೆದು ತನ್ನೂರಿಗೆ ಹೋಗುತ್ತಿದ್ದ, ನೆಂಟರು, ಜಾತಿಯವರು, ಪರಿಚಯದವರಿಗೆ ದುಡ್ಡು ಕೊಟ್ಟು ಹೊರಡಿಸುತ್ತಿದ್ದ. ದಾರಿಖರ್ಚು, ಊಟ, ಕಂಬಳಿ ಎಲ್ಲವೂ ಕೂಲಿಗಾರನ ಲೆಕ್ಕದಲ್ಲಿ ಸಾಲವಾಗಿ ಬರೆಯಲ್ಪಡುತ್ತಿತ್ತು. ತನ್ನ ಗುಂಪಿನಿಂದ ದಿನಕ್ಕೆ ಎಷ್ಟು ಮಂದಿ ಕೆಲಸಕ್ಕೆ ಹಾಜರಾದರೋ ಅಷ್ಟು ತಲೆಗೆ ಇಂತಿಷ್ಟು ಕಾಸು ಕಂಗಾಣಿಗೆ ಸಿಗುತ್ತಿತ್ತು. ಹಾಗಾಗಿ ಜ್ವರ ಬಂದವರನ್ನೂ ಎಬ್ಬಿಸಿ ಕಳಿಸುವುದು ಅವನಿಗೆ ಲಾಭ.

ಸಾಲದ ಲೆಕ್ಕ ಬರೆದ ಚೀಟಿಗೆ ‘ತುಂಡು’ ಎಂದು ಹೆಸರು. ಬೇರೆ ತೋಟಕ್ಕೆ ಹೋಗಬೇಕೆಂದರೆ ಹೊಸ ಸಾಹೇಬ ಆ ತುಂಡಿನ ಮೊತ್ತ ತುಂಬಬೇಕು. ಅಲ್ಲಿಗೆ ಸಾಲವೂ ಹೊಸ ತೋಟಕ್ಕೆ ವರ್ಗ. ಕೂಲಿಗಾರನ ಗುಂಪು ಒಂದು ತೋಟದಿಂದ ಇನ್ನೊಂದಕ್ಕೆ ಹೀಗೆ ಮಾರಾಟವಾದ ಹಾಗೆಯೇ. ತುಂಡು ಪದ್ಧತಿ ರದ್ದಾದದ್ದು 1921ರಲ್ಲಿ.

ಅದರ ಬೆನ್ನಿಗೇ ಎರಡೂ ಕಡೆಯ ಸರ್ಕಾರಗಳು ಕೂಲಿಗಾರರ ವಿಷಯದಲ್ಲಿ ಕೈಜೋಡಿಸಿದವು. ಭಾರತದಲ್ಲಿ 1922ರ ವಲಸೆ ಕಾಯ್ದೆ ಬಂತು, ಸಿಲೋನ್‌ನಲ್ಲಿ 1923ರ ಭಾರತೀಯ ಕಾರ್ಮಿಕ ಕಾನೂನು. ಜನರನ್ನು ಕರೆತರುವ ಖರ್ಚನ್ನು ತೋಟದವರು ಕಟ್ಟುವ ಒಂದು ನಿಧಿಯಿಂದ ಕೊಡಬೇಕು, ಕೂಲಿಗಾರ ಸಾಲವಿಲ್ಲದೆ ತೋಟಕ್ಕೆ ಕಾಲಿಡಬೇಕು ಎಂದಾಯಿತು. ಕಾಯಿಲೆ ಬಿದ್ದವರು, ಕೆಲಸ ಹೊಂದದವರು ಒಂದು ವರ್ಷದೊಳಗೆ ಪುಕ್ಕಟೆಯಾಗಿ ಊರಿಗೆ ಮರಳಬಹುದಿತ್ತು. ಭಾರತ ಸರ್ಕಾರದ ಏಜೆಂಟ್ ಒಬ್ಬರು ಕ್ಯಾಂಡಿಯಲ್ಲಿ ಕುಳಿತು ದೂರು ಕೇಳುತ್ತಿದ್ದರು. 1927ರಲ್ಲಿ ಕನಿಷ್ಠ ಕೂಲಿಯ ಕಾನೂನೂ ಬಂತು. ಆ ಕಾಲಕ್ಕೆ ಇವು ಸಣ್ಣ ಸಂಗತಿಗಳಲ್ಲ. ನಮ್ಮ ನೆಲದಲ್ಲಿ ಕನಿಷ್ಠ ವೇತನ ಕಾಯ್ದೆ ಬರಲು 1948ರವರೆಗೆ ಕಾಯಬೇಕಾಯಿತು.

ದಾರಿಯೂ ಬದಲಾಯಿತು. 1914ರಲ್ಲಿ ಪಾಂಬನ್ ಸೇತುವೆ ತೆರೆಯಿತು. ಮದ್ರಾಸಿನಲ್ಲಿ ರೈಲು ಹತ್ತಿದರೆ ಧನುಷ್ಕೋಡಿ, ಅಲ್ಲಿಂದ ಹಡಗಿನಲ್ಲಿ ತಲೈಮನ್ನಾರ್, ಮತ್ತೆ ರೈಲು. ಇದಕ್ಕೆ ‘ಬೋಟ್ ಮೇಲ್’ ಎಂದು ಹೆಸರು. ಆದರೆ ಕೂಲಿಗೆ ಹೋಗುವವರು ಅದಕ್ಕೂ ಮೊದಲು ಮಂಡಪಂನಲ್ಲಿ ಇಳಿಯಬೇಕಿತ್ತು. ಅಲ್ಲಿ, ಭಾರತದ ನೆಲದ ಮೇಲೆ, ಸಿಲೋನ್ ಸರ್ಕಾರ ನಡೆಸುತ್ತಿದ್ದ ಕ್ಯಾಂಪ್ ಇತ್ತು. ರೋಗ ಹರಡದಿರಲೆಂದು ಕೂಲಿಗಾರರನ್ನು ಕೆಲವು ದಿನ ಅಲ್ಲಿ ಇರಿಸಿ, ಪರೀಕ್ಷೆ ಮಾಡಿ, ಆಮೇಲೆ ದಾಟಿಸುತ್ತಿದ್ದರು. ಈ ಮಂಡಪಂ ಹೆಸರನ್ನು ನೆನಪಿಡಿ.

ಆದರೆ ಒಂದನ್ನು ಮರೆಯಬಾರದು. ಈ ಸಹಕಾರ ನಡೆದದ್ದು ಒಂದೇ ಸಾಮ್ರಾಜ್ಯದ ಎರಡು ಕೋಣೆಗಳ ನಡುವೆ. ಕೂಲಿ ಎಷ್ಟು, ಅಕ್ಕಿ ಎಷ್ಟು, ಹಡಗಿನ ಖರ್ಚು ಯಾರದ್ದು ಎಂಬುದೆಲ್ಲ ಕಾಗದದ ಮೇಲೆ ಬಂತು. ಈ ಜನ ಯಾವ ದೇಶದವರು ಎಂಬ ಪ್ರಶ್ನೆ ಬರಲಿಲ್ಲ. ಬರಬೇಕಾದ ಅಗತ್ಯವೂ ಆಗ ಕಾಣಲಿಲ್ಲ.

ಮತ ಬಂತು, ಮತ ಹೋಯಿತು

1931ರಲ್ಲಿ ಸಿಲೋನ್‌ಗೆ ಸಾರ್ವತ್ರಿಕ ಮತದಾನ ಬಂತು. ತೋಟದ ಕೂಲಿಗಾರರಿಗೂ ಮತ ಕೊಡಬೇಕೇ ಎಂಬ ಜಗಳ ಅಲ್ಲಿಂದಲೇ ಶುರು. ನೆಲೆಸಿದ್ದಕ್ಕೆ ಪುರಾವೆ ತೋರಿಸಿದವರಿಗೆ ಮಾತ್ರ ಎಂಬ ಷರತ್ತಿನ ಮೇಲೆ ಒಂದಷ್ಟು ಮಂದಿಗೆ ಸಿಕ್ಕಿತು. ಜಗತ್ತಿನ ಆರ್ಥಿಕ ಕುಸಿತದ ವರ್ಷಗಳವು. ಕೆಲಸ ಕಡಿಮೆಯಾದಾಗ ಹೊರಗಿನವರ ಮೇಲೆ ಕಣ್ಣು ಬೀಳುವುದು ಎಲ್ಲ ಕಡೆ ನಡೆಯುವಂಥದ್ದೇ. 1939ರಲ್ಲಿ ಸಿಲೋನ್ ಸರ್ಕಾರ ತನ್ನ ಇಲಾಖೆಗಳಲ್ಲಿ ದಿನಗೂಲಿಗಿದ್ದ ಭಾರತೀಯರನ್ನು ತೆಗೆಯಲು ಹೊರಟಿತು. ಮಾತುಕತೆಗೆ ಜವಾಹರಲಾಲ್ ನೆಹರೂ ಕೊಲಂಬೊಗೆ ಹೋದರು. ಪ್ರಯೋಜನವಾಗಲಿಲ್ಲ. ಅದೇ ವರ್ಷ ಭಾರತ ಸರ್ಕಾರ ಸಿಲೋನ್‌ಗೆ ಕೂಲಿಗಾರರು ಹೋಗುವುದನ್ನೇ ನಿಲ್ಲಿಸಿತು. 1941ರಲ್ಲಿ ಎರಡೂ ಕಡೆಯವರು ಕುಳಿತು ಒಂದು ಕರಡು ಮಾಡಿದರು. ಅದು ಕರಡಾಗಿಯೇ ಉಳಿಯಿತು.

1946ರ ಜನಗಣತಿಯಲ್ಲಿ ಭಾರತ ಮೂಲದ ತಮಿಳರು ಸುಮಾರು 7.8 ಲಕ್ಷ, ದ್ವೀಪದ ಜನಸಂಖ್ಯೆಯ ಶೇ 11.7. ಮರುವರ್ಷದ ಚುನಾವಣೆಯಲ್ಲಿ ಸಿಲೋನ್ ಇಂಡಿಯನ್ ಕಾಂಗ್ರೆಸ್ ಏಳು ಸ್ಥಾನ ಗೆದ್ದಿತು. ಬೇರೆ ಹಲವು ಕ್ಷೇತ್ರಗಳಲ್ಲಿ ಅವರ ಮತ ಎಡಪಕ್ಷಗಳಿಗೆ ಬಲ ಕೊಟ್ಟಿತು. 1948ರ ಫೆಬ್ರವರಿ 4ರಂದು ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯ್ದೆಯ ಪ್ರಕಾರ, ಅಪ್ಪ ಅಥವಾ ಅಜ್ಜ ಮತ್ತು ಮುತ್ತಜ್ಜ ಸಿಲೋನ್‌ನಲ್ಲೇ ಹುಟ್ಟಿದವರೆಂದು ತೋರಿಸಬೇಕು. ಲೈನ್ ಮನೆಯಲ್ಲಿ ಹುಟ್ಟಿದವರಿಗೆ ಅಜ್ಜನ ಜನನ ಪತ್ರ ಎಲ್ಲಿಂದ ಬರಬೇಕು? ಅವರು ಪ್ರಜೆಗಳಾಗಲಿಲ್ಲ. 1949ರಲ್ಲಿ ಚುನಾವಣಾ ಕಾನೂನು ತಿದ್ದಿ, ಪ್ರಜೆಗಳಲ್ಲದವರಿಗೆ ಮತವಿಲ್ಲ ಎಂದರು. ಎರಡು ವರ್ಷದ ಹಿಂದೆ ಏಳು ಮಂದಿಯನ್ನು ಸಂಸತ್ತಿಗೆ ಕಳಿಸಿದ್ದ ಜನ ಮತಪಟ್ಟಿಯಿಂದಲೇ ಮಾಯ.

ಅದೇ ವರ್ಷ ಅರ್ಜಿ ಹಾಕಿ ಪೌರತ್ವ ಪಡೆಯಲು ಇನ್ನೊಂದು ಕಾಯ್ದೆಯಾಯಿತು. ಎಂಟು ಲಕ್ಷಕ್ಕೂ ಹೆಚ್ಚು ಜನರ ಪರವಾಗಿ ಅರ್ಜಿಗಳು ಬಂದವು. ಪೌರತ್ವ ಸಿಕ್ಕಿದ್ದು ಸುಮಾರು 1.34 ಲಕ್ಷ ಮಂದಿಗೆ. ಭಾರತವೂ ಅವರನ್ನು ತನ್ನವರೆನ್ನಲಿಲ್ಲ. ತಲೆಮಾರುಗಳಿಂದ ಅಲ್ಲೇ ದುಡಿದವರು ಅಲ್ಲಿನವರೇ, ಅವರ ಹೊಣೆ ಸಿಲೋನ್‌ನದು ಎಂಬುದು ನೆಹರೂ ನಿಲುವಾಗಿತ್ತು. 1954ರಲ್ಲಿ ನೆಹರೂ ಮತ್ತು ಪ್ರಧಾನಿ ಕೋಟೆಲಾವಾಲ ನಡುವೆ ಒಪ್ಪಂದವಾಯಿತು. ಅದೂ ಗಂಟು ಬಿಡಿಸಲಿಲ್ಲ. ಎರಡು ದೇಶಗಳ ನಡುವೆ ಸುಮಾರು ಹತ್ತು ಲಕ್ಷ ಜನ ಯಾವ ದೇಶದವರೂ ಅಲ್ಲದೆ ಉಳಿದರು. ಅವರು ಕಿತ್ತ ಚಹಾ ಮಾತ್ರ ಪ್ರತಿ ವರ್ಷ ತಪ್ಪದೆ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು.

ಇಲ್ಲಿ ಸಿಂಹಳ ರೈತನ ಕಡೆಯಿಂದಲೂ ನೋಡಬೇಕು. ಅವನ ಗುಡ್ಡ ಹೋಗಿ ತೋಟವಾಯಿತು, ತೋಟದಲ್ಲಿ ಅವನ ಭಾಷೆ ಆಡದವರು ತುಂಬಿದರು. ಗುಡ್ಡ ಕಿತ್ತುಕೊಂಡ ಸಾಹೇಬ ದೂರ ಇದ್ದ, ಕೂಲಿಗಾರ ಕಣ್ಣೆದುರಿಗಿದ್ದ. ಸಿಟ್ಟು ಯಾರ ಮೇಲೆ ತಿರುಗಿತು ಎಂದು ಹೇಳಬೇಕಿಲ್ಲ. ಇಬ್ಬರು ಬಡವರ ನಡುವಿನ ಈ ಜಗಳವನ್ನು ಮತದ ಲೆಕ್ಕಕ್ಕೆ ಬಳಸಿಕೊಂಡವರು ಬೇರೆ.

ಏಳಕ್ಕೆ ನಾಲ್ಕು

1964ರ ಮೇ ತಿಂಗಳಲ್ಲಿ ನೆಹರೂ ತೀರಿಕೊಂಡರು. ಲಾಲ್ ಬಹಾದ್ದೂರ್ ಶಾಸ್ತ್ರಿ ಪ್ರಧಾನಿಯಾದರು. ಚೀನಾ ಯುದ್ಧದ ಗಾಯ ಇನ್ನೂ ಹಸಿಯಾಗಿತ್ತು. ಅಕ್ಕಪಕ್ಕದವರ ಜೊತೆ ಇರುವ ಜಗಳ ಮುಗಿಸಿಕೊಳ್ಳುವುದು ದೆಹಲಿಗೆ ಬೇಕಾಗಿತ್ತು. ಅಕ್ಟೋಬರ್‌ನಲ್ಲಿ ಸಿಲೋನ್ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ದೆಹಲಿಗೆ ಬಂದರು. ಅಕ್ಟೋಬರ್ 30ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಲೆಕ್ಕ ಹೀಗಿತ್ತು. ಪೌರತ್ವವಿಲ್ಲದವರು ಒಟ್ಟು 9,75,000. ಅದರಲ್ಲಿ 5,25,000 ಮಂದಿಯನ್ನು ಭಾರತ ತೆಗೆದುಕೊಳ್ಳಬೇಕು, 3,00,000 ಮಂದಿಗೆ ಸಿಲೋನ್ ಪೌರತ್ವ ಕೊಡಬೇಕು. ಅಂದರೆ ಏಳಕ್ಕೆ ನಾಲ್ಕು. ಉಳಿದ 1,50,000 ಮಂದಿಯ ವಿಷಯ ಮುಂದೆ ನೋಡೋಣ. ಎಲ್ಲವೂ 15 ವರ್ಷದೊಳಗೆ ಮುಗಿಯಬೇಕು. ಆ ‘ಮುಂದೆ’ ಬಂದದ್ದು 1974ರಲ್ಲಿ. ಇಂದಿರಾ ಗಾಂಧಿ ಮತ್ತು ಸಿರಿಮಾವೊ ಕುಳಿತು ಆ ಒಂದೂವರೆ ಲಕ್ಷವನ್ನು ತಲಾ 75,000 ಎಂದು ಸಮಪಾಲು ಮಾಡಿದರು.

ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಳ್ಳುವಾಗ ಕೂಡ ಯಾವ ಮರ ಯಾರಿಗೆ ಎಂದು ಒಂದು ಮಾತು ಬರುತ್ತದೆ. ಇಲ್ಲಿ ಯಾರು ಯಾರ ಪಾಲು ಎಂದು ಹೆಸರಿರಲಿಲ್ಲ, ಬರೀ ಸಂಖ್ಯೆ. ತೋಟದ ಕೂಲಿಗಾರರ ದೊಡ್ಡ ಸಂಘಟನೆಯಾದ ಸಿಲೋನ್ ವರ್ಕರ್ಸ್ ಕಾಂಗ್ರೆಸ್ ಮತ್ತು ಅದರ ನಾಯಕ ಎಸ್. ತೊಂಡಮಾನ್ ಅವರಿಗೆ ಈ ಮಾತುಕತೆಯಲ್ಲಿ ಜಾಗವಿರಲಿಲ್ಲ.

ಒಪ್ಪಂದದಲ್ಲಿ ಒಳ್ಳೆಯ ಅಂಶಗಳೂ ಇದ್ದವು ಎನ್ನುವುದನ್ನು ಮುಚ್ಚಿಡಬಾರದು. ಹೊರಡುವ ದಿನದವರೆಗೆ ಅಥವಾ 55 ವರ್ಷ ತುಂಬುವವರೆಗೆ ಕೆಲಸದಿಂದ ತೆಗೆಯುವಂತಿರಲಿಲ್ಲ. ಭವಿಷ್ಯನಿಧಿ, ಗ್ರಾಚ್ಯುಟಿ ಸೇರಿ ತಮ್ಮ ಉಳಿತಾಯವನ್ನು ತರಬಹುದಿತ್ತು. ಕುಟುಂಬವೊಂದು ತರಬಹುದಾದ ಹಣದ ಮಿತಿಯನ್ನು 4,000 ರೂಪಾಯಿಗಿಂತ ಕೆಳಗೆ ಇಳಿಸುವಂತಿರಲಿಲ್ಲ. 1947ರ ವಿಭಜನೆಯ ರಕ್ತಪಾತ ನೋಡಿದವರಿಗೆ, ಕಾಗದದ ಮೇಲೆ ಇದು ಸಭ್ಯ ವ್ಯವಸ್ಥೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಕಾಗದ ನೆಲಕ್ಕಿಳಿದಾಗ ಬೇರೆಯೇ ಆಯಿತು. ಉಳಿಯುತ್ತೇವೆ ಎಂದು ಅರ್ಜಿ ಹಾಕಿದವರು ಸಿಲೋನ್ ಕೊಡಲು ಒಪ್ಪಿದ್ದಕ್ಕಿಂತ ಹೆಚ್ಚಾದರು. ಹೊರಡುತ್ತೇವೆ ಎಂದವರು ಭಾರತ ಒಪ್ಪಿದ್ದಕ್ಕಿಂತ ಕಡಿಮೆ. ಅಣ್ಣ ಒಂದು ಅರ್ಜಿ, ತಮ್ಮ ಇನ್ನೊಂದು. ಮದುವೆಯಾಗಿ ಹೋದ ಮಗಳ ಹೆಸರು ಗಂಡನ ಮನೆಯ ಕಾರ್ಡಿನಲ್ಲಿ, ಅಪ್ಪ ಅಮ್ಮ ಇನ್ನೊಂದು ದೇಶದ ಪಟ್ಟಿಯಲ್ಲಿ. ಹೀಗೆ ಒಂದೇ ಲೈನ್ ಮನೆಯೊಳಗೆ ಗಡಿ ಬಂತು.

1970ರ ದಶಕದಲ್ಲಿ ಪರಿಸ್ಥಿತಿ ಬಿಗಡಾಯಿಸಿತು. 1972 ಮತ್ತು 1975ರ ಭೂಸುಧಾರಣೆಯಲ್ಲಿ ತೋಟಗಳು ಸರ್ಕಾರದ ಕೈಗೆ ಹೋದವು. ನಡುವೆ 1973–74ರಲ್ಲಿ ಆಹಾರದ ಅಭಾವ ತೋಟಗಳನ್ನು ಕಂಗೆಡಿಸಿತು. ಕೆಳಗೆ ಗದ್ದೆಯಿದ್ದವರಿಗೆ ಹೇಗೋ ನಡೆಯಿತು. ಅಂಗಡಿಯ ಅಕ್ಕಿ, ಹಿಟ್ಟನ್ನೇ ನಂಬಿದ್ದ ಲೈನ್ ಮನೆಯವರು ಹಸಿವಿನಿಂದ ಸತ್ತರು. 1977ರ ಗಲಭೆ ತೋಟಗಳವರೆಗೂ ಬಂತು. ಮೊದಲು ಹೋಗಲು ಮನಸ್ಸಿಲ್ಲದವರೂ ಈಗ ಪೆಟ್ಟಿಗೆ ಕಟ್ಟಿದರು.

ಅದೇ ಕ್ಯಾಂಪ್, ತಿರುಗು ದಾರಿ

ಒಪ್ಪಂದಕ್ಕೆ ಸಹಿಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. 1964ರ ಡಿಸೆಂಬರ್ 22–23ರ ರಾತ್ರಿ ಚಂಡಮಾರುತ ಬಂದು ಧನುಷ್ಕೋಡಿಯನ್ನೇ ನುಂಗಿತು. ಪಾಂಬನ್‌ನಿಂದ ಹೊರಟ ಪ್ಯಾಸೆಂಜರ್ ರೈಲು ಜನರ ಸಮೇತ ಸಮುದ್ರ ಪಾಲಾಯಿತು. ಹೋದ ತಲೆಮಾರುಗಳು ಹಡಗು ಹತ್ತಿದ್ದ ಕಟ್ಟೆಯೇ ಇಲ್ಲವಾಯಿತು. ಆಮೇಲೆ ಹಡಗು ತಲೈಮನ್ನಾರ್‌ನಿಂದ ರಾಮೇಶ್ವರಕ್ಕೆ ಬರತೊಡಗಿತು.

ಇಳಿದವರನ್ನು ಮೊದಲು ಕರೆದೊಯ್ದದ್ದು ಮಂಡಪಂಗೆ. ಅಜ್ಜಂದಿರನ್ನು ದಾಟಿಸುವ ಮುಂಚೆ ನಿಲ್ಲಿಸಿ ಪರೀಕ್ಷಿಸುತ್ತಿದ್ದ ಅದೇ ಜಾಗ ಈಗ ಮೊಮ್ಮಕ್ಕಳನ್ನು ಬರಮಾಡಿಕೊಳ್ಳುವ ಕ್ಯಾಂಪ್. ಕ್ಯಾಂಡಿಯ ಭಾರತೀಯ ಕಚೇರಿ ಕೊಟ್ಟ ‘ಫ್ಯಾಮಿಲಿ ಕಾರ್ಡ್’ ಅವರ ಕೈಯಲ್ಲಿ. ಮನೆಯಲ್ಲಿ ಎಷ್ಟು ಜನ, ಯಾವ ಯೋಜನೆಯಲ್ಲಿ ಪುನರ್ವಸತಿ ಎಂದೆಲ್ಲ ಅದರಲ್ಲಿ ಬರೆದಿತ್ತು. ಎಂದೂ ನೋಡದ ದೇಶದ ಎಂದೂ ಕೇಳದ ಊರಿಗೆ ಅದೇ ಟಿಕೆಟ್.

ತುಂಬ ಮಂದಿಗೆ ಸಿಕ್ಕಿದ್ದು ಸಣ್ಣ ವ್ಯಾಪಾರಕ್ಕೆ ಸಾಲ. ಚಹಾ ಚಿಗುರು ಕೀಳುವುದರಲ್ಲಿ ಇಂಥವರಿಲ್ಲ ಎನ್ನಿಸಿಕೊಂಡ ಹೆಂಗಸಿಗೆ ಊರಲ್ಲದ ಊರಿನಲ್ಲಿ ಅಂಗಡಿ ಇಡು ಎಂದರೆ ಏನು ಮಾಡಬೇಕು? ಗಿರಾಕಿ ಯಾರು, ಉದ್ದರಿ ಯಾರಿಗೆ ಕೊಡಬಹುದು ಎಂದು ಗೊತ್ತಿಲ್ಲದೆ ಎಷ್ಟೋ ಅಂಗಡಿ ಕೆಲವೇ ತಿಂಗಳಲ್ಲಿ ಮುಚ್ಚಿದವು. ಆಮೇಲೆ ಅವರು ತಮಗೆ ಗೊತ್ತಿದ್ದ ಬೆಟ್ಟವನ್ನೇ ಹುಡುಕಿಕೊಂಡು ಹೋದರು. ನೀಲಗಿರಿ, ಕೊಡೈಕೆನಾಲ್. ಅಲ್ಲಿ ಕೆಲವರು ಮರ ಕಡಿಯುವ ಗುತ್ತಿಗೆದಾರರ ಕೈಗೆ ಸಿಕ್ಕಿ ಜೀತಕ್ಕೂ ಬಿದ್ದರು. ಕಂಗಾಣಿಯ ಮುಂಗಡದಿಂದ ತಪ್ಪಿಸಿಕೊಂಡವರ ಮೊಮ್ಮಕ್ಕಳು ಇನ್ನೊಬ್ಬನ ಮುಂಗಡಕ್ಕೆ ಸಿಕ್ಕಿಬಿದ್ದರು.

ಕೆಲಸ ಬಲ್ಲ ಕೈಗೆ ಅಂಥದ್ದೇ ಕೆಲಸ ಕೊಡಬೇಕು ಎಂಬ ಯೋಚನೆಯಿಂದ ಕಟ್ಟಿದ ಯೋಜನೆಗಳೂ ಇದ್ದವು. ತಮಿಳುನಾಡು ಸರ್ಕಾರ ನೀಲಗಿರಿಯಲ್ಲಿ ಚಹಾ ತೋಟ ಮಾಡಿತು, ಅದೇ ಮುಂದೆ ‘ಟ್ಯಾನ್‌ಟೀ’ ಆಯಿತು. ಕೇರಳದ ಪುನಲೂರು ಕಡೆ ರಬ್ಬರ್, ಅಂಡಮಾನ್–ನಿಕೋಬಾರ್‌ನ ಕಚಲ್ ದ್ವೀಪದಲ್ಲೂ ರಬ್ಬರ್. ಕರ್ನಾಟಕದ ಪಾಲಿಗೆ ಬಂದದ್ದು ಸುಳ್ಯ, ಪುತ್ತೂರು. 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಇಲ್ಲಿನ ಗುಡ್ಡಗಳಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಜಾಗದ ರಬ್ಬರ್ ತೋಟ ನೋಡಿಕೊಳ್ಳುತ್ತದೆ. ಅದರ ಕಾಲೊನಿಗಳೇ ನಾವು ಬಸ್ಸಿನಿಂದ ನೋಡುತ್ತಿದ್ದವು.

ರಬ್ಬರ್ ಹಾಲು

ರಬ್ಬರ್ ಟ್ಯಾಪಿಂಗ್ ನೋಡಲು ಸುಲಭ, ಮಾಡಲು ಅಲ್ಲ. ಬೆಳಕು ಹರಿಯುವ ಮುಂಚೆ ಹೋಗಬೇಕು, ತಂಪಿರುವಾಗಲೇ ಹಾಲು ಚೆನ್ನಾಗಿ ಇಳಿಯುವುದು. ಹಿಂದಿನ ಗೀರಿನ ಕೆಳಗೆ ಓರೆಯಾಗಿ ತೆಳ್ಳಗೆ ತೊಗಟೆ ಕೆತ್ತಬೇಕು. ಕಡಿಮೆ ಕೆತ್ತಿದರೆ ಹಾಲು ಬರುವುದಿಲ್ಲ, ಆಳಕ್ಕೆ ಹೋದರೆ ಮರಕ್ಕೆ ಗಾಯ, ಆ ಜಾಗದಲ್ಲಿ ತೊಗಟೆ ಮತ್ತೆ ಸರಿಯಾಗಿ ಬೆಳೆಯುವುದಿಲ್ಲ. ಒಬ್ಬೊಬ್ಬರು ಒಂದು ಬೆಳಿಗ್ಗೆಗೆ ನೂರಾರು ಮರ ಮುಗಿಸಬೇಕು. ಆಮೇಲೆ ಗೆರಟೆ, ಕಪ್ಪುಗಳಿಂದ ಹಾಲು ಬಕೆಟಿಗೆ ಸುರಿದು, ಗುಡ್ಡ ಇಳಿದು ತರಬೇಕು. ಮಳೆ ಜೋರಾದರೆ ಕೆಲಸವಿಲ್ಲ.

ಚಹಾ ಬಲ್ಲವರು ಇದನ್ನು ಕಲಿತರು. ತುಳು, ಕನ್ನಡ ಕಲಿತರು. ಕಾಲೊನಿಯಲ್ಲಿ ಮಾರಿಯಮ್ಮನ ಗುಡಿ ಕಟ್ಟಿದರು. ಅವರ ಮಕ್ಕಳು ನಮ್ಮ ಜೊತೆ ಕನ್ನಡ ಶಾಲೆಯಲ್ಲಿ ಕುಳಿತರು, ಮನೆಯಲ್ಲಿ ತಮಿಳು, ಅಂಗಳದಲ್ಲಿ ತುಳು, ಪರೀಕ್ಷೆಯಲ್ಲಿ ಕನ್ನಡ. ಇಷ್ಟಾದರೂ ಎರಡು ಸಂಗತಿ ಸುಲಭವಾಗಿ ಬಗೆಹರಿಯಲಿಲ್ಲ. ಒಂದು ಮನೆ. ನಿಗಮದ ಮನೆ ಕೆಲಸಕ್ಕೆ ಅಂಟಿಕೊಂಡದ್ದು, ನಿವೃತ್ತರಾದವರು ಮತ್ತು ಆ ಕೆಲಸ ಬೇಡವೆಂದ ಮಕ್ಕಳು ಎಲ್ಲಿ ಇರಬೇಕು? ಇನ್ನೊಂದು ಜಾತಿ ಪ್ರಮಾಣಪತ್ರ. ತಮಿಳುನಾಡಿನಲ್ಲಿ ಪರಿಶಿಷ್ಟರಾಗಿರುವ ಸಮುದಾಯದವರು ಇಲ್ಲಿ ಬಂದು ಅದೇ ಪ್ರಮಾಣಪತ್ರ ಕೇಳಿದಾಗ, ನಿಮ್ಮ ಮೂಲ ಯಾವುದು ಎಂಬ ಪ್ರಶ್ನೆ ಎದುರಾಯಿತು. ಅದಕ್ಕಾಗಿ ಅವರು ವರ್ಷಗಟ್ಟಲೆ ಮನವಿ ಕೊಟ್ಟರು, ಧರಣಿ ಕುಳಿತರು. 1948ರಲ್ಲಿ ಅಜ್ಜನ ಜನನ ಪತ್ರ ಕೇಳಿದ ಕೊಲಂಬೊದ ಪ್ರಶ್ನೆ, ಸಮುದ್ರ ದಾಟಿ ಬಂದ ಮೇಲೂ ಬೇರೆ ರೂಪದಲ್ಲಿ ಬೆನ್ನು ಬಿಡಲಿಲ್ಲ.

ಒಪ್ಪಂದ ಮುಗಿದ ಬಗೆ

ಲೆಕ್ಕ ಪೂರ್ತಿ ಚುಕ್ತಾ ಆಗಲೇ ಇಲ್ಲ. 1964ರ ನಂತರ ಹುಟ್ಟಿದ ಮಕ್ಕಳೂ ಸೇರಿ ಸುಮಾರು ನಾಲ್ಕೂವರೆ ಲಕ್ಷ ಜನ ಭಾರತಕ್ಕೆ ಬಂದರು. 1980ರ ದಶಕದ ಮೊದಲಲ್ಲಿ, ಅವಧಿ ಮುಗಿಯಿತು, ಇನ್ನು ಹೊಸ ಅರ್ಜಿ ಇಲ್ಲ ಎಂದು ಭಾರತ ಹೇಳಿತು. 1983ರ ಜುಲೈ ಹಿಂಸಾಚಾರದ ನಂತರ ಯುದ್ಧ ಶುರುವಾಗಿ, 1984ರಲ್ಲಿ ಹಡಗು ನಿಂತಿತು. ಆಗ ದೋಣಿಗಳಲ್ಲಿ ಜೀವ ಉಳಿಸಿಕೊಳ್ಳಲು ಬಂದವರು ನಿಜವಾದ ಅರ್ಥದಲ್ಲಿ ನಿರಾಶ್ರಿತರು. ಅವರಿಗೂ ಮೊದಲ ನೆರಳು ಮಂಡಪಂ ಕ್ಯಾಂಪೇ. ಒಂದೇ ಜಾಗ, ಮೂರು ಕಾಲ, ಮೂರು ಹೆಸರು: ಕೂಲಿಗಾರ, ಮರಳಿದವ, ನಿರಾಶ್ರಿತ. ನಾವು ಎರಡನೆಯದನ್ನೂ ಮೂರನೆಯದನ್ನೂ ಕಲಸಿ ತಲೆಬರಹ ಮಾಡಿದ್ದೆವು.

ಅತ್ತ ಉಳಿದವರ ಕತೆಗೆ ಬೇರೆ ತಿರುವು ಸಿಕ್ಕಿತು. ಮತ ವಾಪಸು ಬಂದಂತೆಲ್ಲ ಅವರ ಮಾತಿಗೂ ಬೆಲೆ ಬಂತು. ತೊಂಡಮಾನ್ 1978ರಲ್ಲಿ ಮಂತ್ರಿಯಾದರು. 1986, 1988ರಲ್ಲಿ ಪೌರತ್ವ ಕೊಡುವ ಕಾನೂನುಗಳಾದವು. ಕೊನೆಗೆ 2003ರಲ್ಲಿ ಶ್ರೀಲಂಕಾ ಸಂಸತ್ತು ಒಂದು ಕಾಯ್ದೆ ಮಾಡಿತು: 1964ರ ಅಕ್ಟೋಬರ್ 30ರಿಂದ ಅಲ್ಲೇ ಇರುವ ಭಾರತ ಮೂಲದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಪೌರತ್ವಕ್ಕೆ ಅರ್ಹರು. ಆ ದಿನಾಂಕ ನೋಡಿ, ದೆಹಲಿಯಲ್ಲಿ ಸಹಿ ಬಿದ್ದ ಅದೇ ದಿನ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ನೆರವಿನಿಂದ ತೋಟಗಳಲ್ಲೇ ಶಿಬಿರ ಹಾಕಿ, ಹತ್ತು ದಿನಗಳಲ್ಲಿ ಸುಮಾರು 1.9 ಲಕ್ಷ ಮಂದಿಗೆ ಪೌರತ್ವ ಕೊಟ್ಟರು. 55 ವರ್ಷ ಆಗದ ಕೆಲಸ ಹತ್ತು ದಿನದಲ್ಲಿ ಆಯಿತು. ಮನಸ್ಸು ಮಾಡಿದರೆ ಕಾಗದ ಯಾವತ್ತೂ ಕಷ್ಟವಲ್ಲ.

ಅದೇ 2003ರಲ್ಲಿ, ಅದೇ ಕೊಲಂಬೊದಲ್ಲಿ, ಹೊರದೇಶಕ್ಕೆ ಕಾರ್ಮಿಕರನ್ನು ಕಳಿಸುವ ಏಷ್ಯಾದ ಹತ್ತು ದೇಶಗಳು ಸೇರಿದವು. ಭಾರತ, ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ ಎಲ್ಲರೂ ಇದ್ದರು. ‘ಕೊಲಂಬೊ ಪ್ರಕ್ರಿಯೆ’ ಎಂದು ಅದಕ್ಕೆ ಹೆಸರು. ದಲ್ಲಾಳಿಗಳ ಮೋಸ ತಡೆಯುವುದು, ಹೋಗುವ ಮುಂಚೆ ತರಬೇತಿ, ಕೌಶಲಕ್ಕೆ ಪರಸ್ಪರ ಮಾನ್ಯತೆ ಇವೆಲ್ಲ ಅದರ ಚರ್ಚೆಯ ವಿಷಯ. ಅದರ ಮಾತಿಗೆ ಯಾವ ದೇಶವೂ ಕಾನೂನಿನ ಪ್ರಕಾರ ಬದ್ಧವಲ್ಲ. ಆದರೂ ಒಂದು ಕಾಲದಲ್ಲಿ ಕೂಲಿಗಾರರ ಬಗ್ಗೆ ಜಗಳವಾಡಿದ ಎರಡು ದೇಶಗಳು, ಈಗ ತಮ್ಮ ಜನರನ್ನು ಮೂರನೆಯವರಿಂದ ಕಾಪಾಡುವುದು ಹೇಗೆ ಎಂದು ಒಂದೇ ಮೇಜಿಗೆ ಕುಳಿತದ್ದು ಸಣ್ಣ ಮಾತಲ್ಲ.

ಇದು ನಮಗೆ ದೂರದ ವಿಷಯವೂ ಅಲ್ಲ. ದಕ್ಷಿಣ ಕನ್ನಡ, ಉಡುಪಿಯ ಎಷ್ಟು ಮನೆಗಳ ಅನ್ನ ಗಲ್ಫ್‌ನಿಂದ ಬರುತ್ತದೆ ಎಂದು ನಮಗೆಲ್ಲ ಗೊತ್ತು. ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟಿಗೆ ‘ಇಸಿಆರ್’ ಎಂದು ಬೀಳುತ್ತದಲ್ಲ, ಆ ವ್ಯವಸ್ಥೆ 1983ರ ವಲಸೆ ಕಾಯ್ದೆಯದು. ಅದು ಬಂದದ್ದು ಸಿಲೋನ್ ಕೂಲಿಗಾರರ ಕಾಲದ 1922ರ ಕಾಯ್ದೆಯ ಜಾಗಕ್ಕೆ. ಮಂಡಪಂನಲ್ಲಿ ಸಾಲು ನಿಂತ ಕೂಲಿಗಾರನಿಗೂ ಮಂಗಳೂರು ವಿಮಾನ ನಿಲ್ದಾಣದಲ್ಲಿ ಸಾಲು ನಿಂತ ನಮ್ಮೂರ ಹುಡುಗನಿಗೂ ಕಾನೂನಿನ ನೆಂಟಸ್ತಿಕೆ ಇದೆ.

ಈ ಕತೆಯಿಂದ ನಮಗೆ ಅರ್ಥವಾದದ್ದು ಇಷ್ಟು. ನೆರೆಯ ದೇಶಗಳು ಕೂಲಿಗಾರರ ಬಗ್ಗೆ ಒಪ್ಪಂದ ಮಾಡಿಕೊಳ್ಳುವುದು ತಪ್ಪಲ್ಲ, ಬೇಕು. ಸಾಲವಿಲ್ಲದೆ ಹೋಗುವ ದಾರಿ, ಕನಿಷ್ಠ ಕೂಲಿ, ದೂರು ಹೇಳಲು ಒಬ್ಬ ಅಧಿಕಾರಿ, ಇವೆಲ್ಲ ಒಪ್ಪಂದದಿಂದಲೇ ಬಂದವು. ಆದರೆ ಅವರು ಹತ್ತಾರು ವರ್ಷ ದುಡಿದು ಆ ನೆಲದವರೇ ಆಗಿಬಿಟ್ಟ ಮೇಲೆ, ಅವರನ್ನು ಕೇಳದೆ ಏಳಕ್ಕೆ ನಾಲ್ಕೆಂದು ಹಂಚಿದರೆ ಅದರ ಬಡ್ಡಿಯನ್ನು ಮೊಮ್ಮಕ್ಕಳು ಕಟ್ಟುತ್ತಾರೆ. ಉಳಿದವರಿಗೆ ನ್ಯಾಯ ಸಿಕ್ಕಿದ್ದು ಅವರ ಮಾತಿಗೆ ಮೇಜಿನ ಸುತ್ತ ಜಾಗ ಸಿಕ್ಕಿದ ಮೇಲೆಯೇ.

ನಮ್ಮ ಪ್ರಾಯೋಗಿಕ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದ್ದೆವು. ಎರಡು ಸಾಲಿಗೆ ಮುಗಿಯುವ ತಪ್ಪು ಅದಲ್ಲ ಎಂದು ಈಗ ಅನ್ನಿಸುತ್ತದೆ. ಗ್ರಾಮೀಣ ವರದಿಗಾರಿಕೆ ಮಾಡುವ ಗೆಳೆಯರಲ್ಲಿ ನಮ್ಮದೊಂದು ವಿನಂತಿ: ಸುಳ್ಯ, ಪುತ್ತೂರಿನ ಈ ಕಾಲೊನಿಗಳ ಬಗ್ಗೆ ಬರೆಯುವಾಗ ‘ನಿರಾಶ್ರಿತರು’ ಎಂದು ಬರೆಯಬೇಡಿ. ಎರಡು ಸರ್ಕಾರಗಳು ಸಹಿ ಹಾಕಿ ಕಳಿಸಿಕೊಟ್ಟ, ಪಾಸ್‌ಪೋರ್ಟ್ ಹಿಡಿದು ಬಂದ ಭಾರತದ ಪ್ರಜೆಗಳು ಅವರು. ‘ಮರಳಿದವರು’ ಎನ್ನಬಹುದು. ಆದರೆ ಅಲ್ಲೇ ಹುಟ್ಟಿ ಬೆಳೆದ ಆ ಅಜ್ಜಿ ಇಲ್ಲಿಗೆ ಬಂದದ್ದು ಜೀವನದಲ್ಲಿ ಮೊದಲ ಸಲ. ಮರಳಲು ಅವರು ಇಲ್ಲಿಂದ ಹೋಗಿರಲೇ ಇಲ್ಲ. ಹಾಗಾಗಿ ಸುಮ್ಮನೆ ‘ಸುಳ್ಯದವರು’ ಎಂದು ಬರೆದರೂ ಆದೀತು.